ಸ್ನೂಪಿಯ ಹಿಂದಿನ ಕೈ ಒಬ್ಬರದೇ

ಪ್ರಶ್ನೆ: ನನ್ನ ಮಗಳಿಗೆ ಸ್ನೂಪಿ ಎಂದರೆ ಪ್ರಾಣ. ಬ್ಯಾಗು, ನೀರಿನ ಬಾಟಲಿ ಎಲ್ಲದರ ಮೇಲೂ ಅದೇ ನಾಯಿ. ಅದನ್ನು ಸೃಷ್ಟಿಸಿದವರು ಯಾರು? ಚಾರ್ಲಿ ಬ್ರೌನ್ ಎಂಬ ಹುಡುಗ ಅವರೇ ಅಂತೆ, ಹೌದೇ? ಅವರು ತೀರಿಕೊಂಡ ಮೇಲೂ ಸ್ಟ್ರಿಪ್ ಬರುತ್ತಲೇ ಇದೆಯಲ್ಲ, ಈಗ ಬರೆಯುತ್ತಿರುವುದು ಅವರ ಮಗನೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮಗನೂ ಅಲ್ಲ, ಶಿಷ್ಯನೂ ಅಲ್ಲ. ಸ್ನೂಪಿ, ಚಾರ್ಲಿ ಬ್ರೌನ್ ಇಬ್ಬರೂ ‘ಪೀನಟ್ಸ್’ ಎಂಬ ಕಾರ್ಟೂನ್ ಸ್ಟ್ರಿಪ್ಪಿನ ಪಾತ್ರಗಳು, ಸೃಷ್ಟಿಸಿದವರು ಅಮೆರಿಕದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಜ್. ಈಗ ಪತ್ರಿಕೆಗಳಲ್ಲಿ ಕಾಣುವುದೆಲ್ಲವೂ ಅವರು ಬರೆದಿಟ್ಟು ಹೋದ ಹಳೆಯವು, ಮತ್ತೆ ಮತ್ತೆ ಅಚ್ಚಾಗುತ್ತಿವೆ ಅಷ್ಟೇ. 1950ರ ಅಕ್ಟೋಬರ್ 2ರಂದು ಅಮೆರಿಕದ ಏಳು ಪತ್ರಿಕೆಗಳಲ್ಲಿ ಶುರುವಾದ ಈ ಸ್ಟ್ರಿಪ್ 2000ದ ಫೆಬ್ರುವರಿ 13ರವರೆಗೆ ನಡೆಯಿತು. ಒಟ್ಟು 17,897 ಕಂತು. ಅಲ್ಲಿ ಹೆಸರು ಮಾಡಿದ ವ್ಯಂಗ್ಯಚಿತ್ರಕಾರರು ಅಕ್ಷರ ಬರೆಯಲು ಒಬ್ಬರು, ಹಿನ್ನೆಲೆ ತುಂಬಲು ಇನ್ನೊಬ್ಬರು, ಹಾಸ್ಯ ಹೊಸೆಯಲು ಮತ್ತೊಬ್ಬರು ಎಂದು ಸಹಾಯಕರನ್ನು ಇಟ್ಟುಕೊಳ್ಳುವುದು ಮಾಮೂಲು. ಶುಲ್ಜ್ ದಿನಪತ್ರಿಕೆಯ ಸ್ಟ್ರಿಪ್ಪಿಗೆ ಒಬ್ಬರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮಾತಿನ ಬಲೂನಿನೊಳಗಿನ ಅಕ್ಷರಗಳೂ ಅವರವೇ. ಅರ್ಧ ಶತಮಾನದಲ್ಲಿ ತೆಗೆದುಕೊಂಡ ದೊಡ್ಡ ರಜೆ ಒಂದೇ, 1997ರ ಕೊನೆಯಲ್ಲಿ ಐದು ವಾರ. ಆಗ ಅವರಿಗೆ ಎಪ್ಪತ್ತೈದು ತುಂಬಿತ್ತು. ಅವರ ನಂತರ ಯಾರೂ ಮುಂದುವರಿಸಬಾರದು ಎಂಬುದು ಮನೆಯವರ ಇಚ್ಛೆಯೂ ಆಗಿತ್ತು. ಟಿವಿ, ಸಿನಿಮಾ, ನಿಮ್ಮ ಮಗಳ ಬಾಟಲಿಯ ಮಾತು ಬೇರೆ. ಅಲ್ಲಿ ಹಲವರ ಕೈಗಳಿವೆ.

ಇನ್ನು ಚಾರ್ಲಿ ಬ್ರೌನ್ ಅವರೇನಾ ಎಂದರೆ, ಅರ್ಧ ಹೌದು. ಶುಲ್ಜ್ ಹುಟ್ಟಿದ್ದು 1922ರಲ್ಲಿ ಮಿನಿಯಾಪೊಲಿಸ್‌ನಲ್ಲಿ, ಬೆಳೆದದ್ದು ಪಕ್ಕದ ಸೇಂಟ್ ಪಾಲ್‌ನಲ್ಲಿ. ತಂದೆಗೆ ಕ್ಷೌರದಂಗಡಿ ಇತ್ತು. ಚಾರ್ಲಿ ಬ್ರೌನ್‌ನ ಅಪ್ಪನ ಕಸುಬೂ ಅದೇ. ಮನೆಯಲ್ಲಿ ಸ್ಪೈಕ್ ಎಂಬ ಕಪ್ಪುಬಿಳುಪು ನಾಯಿ ಇತ್ತು. ಗುಂಡುಸೂಜಿ, ಬ್ಲೇಡು ಏನು ಸಿಕ್ಕರೂ ನುಂಗುತ್ತಿದ್ದ ಪ್ರಾಣಿ. ಅದರ ಚಿತ್ರ ಬರೆದು ವಿಚಿತ್ರ ಸಂಗತಿಗಳ ‘ರಿಪ್ಲೀಸ್ ಬಿಲೀವ್ ಇಟ್ ಆರ್ ನಾಟ್’ ಅಂಕಣಕ್ಕೆ ಕಳಿಸಿದರು, 1937ರಲ್ಲಿ ಅಚ್ಚಾಯಿತು. ಹುಡುಗನ ಮೊದಲ ಪ್ರಕಟಿತ ಚಿತ್ರ ಅದು. ಸ್ನೂಪಿಯ ಮೂಲ ಆ ಸ್ಪೈಕೇ. ಎರಡನೇ ಮಹಾಯುದ್ಧದಿಂದ ಮರಳಿದ ಮೇಲೆ ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಾಲೆಯೊಂದರಲ್ಲಿ ಮೇಷ್ಟ್ರಾದರು. ಚಾರ್ಲಿ ಬ್ರೌನ್ ಎಂಬ ಹೆಸರು ಅಲ್ಲಿನ ಸಹೋದ್ಯೋಗಿಯದು, ಲೈನಸ್ ಎಂಬ ಇನ್ನೊಂದು ಪಾತ್ರದ ಹೆಸರೂ ಅಲ್ಲಿಯದೇ. ಅದೇ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದ ಕೆಂಗೂದಲ ಹುಡುಗಿ ಶುಲ್ಜ್‌ರನ್ನು ಒಲ್ಲೆನೆಂದು ಬೇರೊಬ್ಬನನ್ನು ಮದುವೆಯಾದಳು. ಚಾರ್ಲಿ ಬ್ರೌನ್ ಕೊನೆವರೆಗೂ ಮಾತನಾಡಿಸಲಾಗದ ‘ಪುಟ್ಟ ಕೆಂಗೂದಲಿನ ಹುಡುಗಿ’ ಬಂದದ್ದು ಅಲ್ಲಿಂದ.

ಆದರೂ ಆ ಹುಡುಗನೊಬ್ಬನಲ್ಲೇ ಶುಲ್ಜ್‌ರನ್ನು ಹುಡುಕಿದರೆ ಸಾಲದು ಎನ್ನುವವನು ನಾನು. ಗಾಳಿಪಟ ಹಾರಿಸಲಾಗದ, ಒಂದು ಪಂದ್ಯ ಗೆಲ್ಲಲಾಗದ ಹುಡುಗನನ್ನು ಬರೆದಾತ ದಿನವೂ ತಪ್ಪದೆ ಮೇಜಿಗೆ ಕೂತು ಕೋಟಿಗಟ್ಟಲೆ ಗಳಿಸಿದ ಛಲಗಾರ. ಅದೇ ಗುಂಪಿನ, ಪಿಯಾನೊ ಬಿಟ್ಟು ತಲೆಯೆತ್ತದ ಹುಡುಗ ಶ್ರೋಡರ್‌ನಲ್ಲಿ ನನಗೆ ಅವರೇ ಹೆಚ್ಚು ಕಾಣುತ್ತಾರೆ. ಗುಂಪಿನ ಹುಡುಗಿ ಲೂಸಿಯ ಚುಚ್ಚುಮಾತೂ ಹೊರಗಿನಿಂದ ತಂದದ್ದಲ್ಲ.

ನೀವು ಕೇಳಿಲ್ಲ, ಆದರೂ ಆ ಚೌಕಗಳ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಶುರುವಿನಲ್ಲಿ ವಿತರಕ ಸಂಸ್ಥೆ ಇದನ್ನು ಪತ್ರಿಕೆಗಳಿಗೆ ಮಾರಿದ್ದು ‘ಜಾಗ ಉಳಿಸುವ ಸ್ಟ್ರಿಪ್’ ಎಂದು. ನಾಲ್ಕು ಚೌಕ, ನಾಲ್ಕೂ ಒಂದೇ ಅಳತೆ. ಸಂಪಾದಕರು ಅಡ್ಡಕ್ಕೆ ಸಾಲಾಗಿ ಹಾಕಬಹುದು, ಕೆಳಕ್ಕೆ ಜೋಡಿಸಬಹುದು, ಎರಡರ ಮೇಲೆ ಎರಡು ಇಡಬಹುದು. ಅಷ್ಟು ಕಿರಿದಾದ ಚೌಕದಲ್ಲಿ ಏನು ತುಂಬುವುದು? ಶುಲ್ಜ್ ತುಂಬಲಿಲ್ಲ. ನಾಲ್ಕು ಎಳೆ ಹುಲ್ಲು, ಒಂದು ಇಟ್ಟಿಗೆ ಗೋಡೆ, ದುಂಡನೆಯ ಒಂದು ತಲೆ. ನೋಟ ಮಕ್ಕಳ ಎತ್ತರದಲ್ಲೇ ನಿಂತಿತು, ದೊಡ್ಡವರಿಗೆ ಜಾಗವೇ ಉಳಿಯಲಿಲ್ಲ. ಆ ಗೆರೆಗೆ ಅವರು ಬಳಸುತ್ತಿದ್ದುದು ಎಸ್ಟರ್‌ಬ್ರೂಕ್ ಕಂಪನಿಯ 914 ನಂಬರಿನ ನಿಬ್ಬು. ಕಂಪನಿ ಅದನ್ನು ನಿಲ್ಲಿಸುತ್ತದೆಂದು ತಿಳಿದಾಗ ಉಳಿದ ದಾಸ್ತಾನನ್ನೆಲ್ಲ ಕೊಂಡುಬಿಟ್ಟರು. 1981ರ ಹೃದಯ ಶಸ್ತ್ರಚಿಕಿತ್ಸೆಯ ನಂತರ ಕೈ ನಡುಗತೊಡಗಿತು. ತೊಂಬತ್ತರ ದಶಕದ ಯಾವುದಾದರೂ ಕಂತನ್ನು ದೊಡ್ಡದು ಮಾಡಿ ನೋಡಿ, ಬಲೂನಿನ ಅಂಚು, ಸ್ನೂಪಿಯ ಬೆನ್ನು ಸಣ್ಣಗೆ ಅಲೆಅಲೆಯಾಗಿರುತ್ತದೆ. ಆಗಲೂ ಪೆನ್ನನ್ನು ಬೇರೆಯವರಿಗೆ ಕೊಡಲಿಲ್ಲ. 1999ರ ಡಿಸೆಂಬರ್‌ನಲ್ಲಿ ಕ್ಯಾನ್ಸರ್ ಕಾರಣದಿಂದ ನಿವೃತ್ತಿ ಘೋಷಿಸಿದರು. ಕೊನೆಯ ಭಾನುವಾರದ ಕಂತು ಅಚ್ಚಾಗಿ ಮನೆಗಳಿಗೆ ಬರುವ ಹಿಂದಿನ ರಾತ್ರಿ, ಫೆಬ್ರುವರಿ 12ರಂದು, ತೀರಿಕೊಂಡರು.

ಪ್ರಶ್ನೆ: ಚಾರ್ಲಿ ಬ್ರೌನ್‌ನ ಗುಂಪಿಗೆ ಕಪ್ಪು ಹುಡುಗ ಫ್ರಾಂಕ್ಲಿನ್ ಸೇರಿದ್ದು ಒಬ್ಬ ಓದುಗರ ಪತ್ರದಿಂದ ಎಂದು ಕೇಳಿದ್ದೇನೆ. ಕಟ್ಟುಕತೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಕಟ್ಟುಕತೆಯಲ್ಲ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಕೆಲವೇ ದಿನಗಳಲ್ಲಿ ಲಾಸ್ ಏಂಜಲಿಸ್‌ನ ಹ್ಯಾರಿಯೆಟ್ ಗ್ಲಿಕ್‌ಮನ್ ಎಂಬ ಶಿಕ್ಷಕಿ, ಗುಂಪಿಗೆ ಕಪ್ಪು ಮಗುವೊಂದನ್ನು ಸೇರಿಸಿ ಎಂದು ಶುಲ್ಜ್‌ರಿಗೆ ಬರೆದರು. ಶುಲ್ಜ್ ಉತ್ತರಿಸಿದರು, ಒಪ್ಪಲಿಲ್ಲ. ಬಿಳಿಯನೊಬ್ಬ ಮೇಲೆ ನಿಂತು ಕನಿಕರ ತೋರಿದ ಹಾಗೆ ಆದೀತೆಂಬ ಹಿಂಜರಿಕೆ. ಆಕೆ ಬಿಡದೆ ತಮ್ಮ ಕಪ್ಪು ಗೆಳೆಯರಿಂದಲೂ ಪತ್ರ ಬರೆಸಿದರು. ಜುಲೈ 31ರ ಕಂತಿನಲ್ಲಿ ಫ್ರಾಂಕ್ಲಿನ್ ಸಮುದ್ರ ತೀರದಲ್ಲಿ ಚಾರ್ಲಿ ಬ್ರೌನ್‌ನ ಚೆಂಡನ್ನು ಹಿಂದಿರುಗಿಸುತ್ತಾ ಕಾಣಿಸಿಕೊಂಡ. ಭಾಷಣವಿಲ್ಲ, ಡಂಗುರವಿಲ್ಲ. ಅವನು ಬಿಳಿಯ ಮಕ್ಕಳ ಜೊತೆ ಒಂದೇ ತರಗತಿಯಲ್ಲಿ ಕೂತದ್ದಕ್ಕೆ ಅಮೆರಿಕದ ದಕ್ಷಿಣ ಭಾಗದ ಪತ್ರಿಕಾ ಸಂಪಾದಕರೊಬ್ಬರು ತಕರಾರು ತೆಗೆದರು. ಶುಲ್ಜ್ ಜಗ್ಗಲಿಲ್ಲ.

ಪ್ರಶ್ನೆ: ಮಕ್ಕಳಿಗೆ ಓದಿಸಲು ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲ ವರ್ಷದಿಂದಂತೂ ಬೇಡ. ಮೊಟ್ಟಮೊದಲ ಕಂತಿನಲ್ಲೇ ಚಾರ್ಲಿ ಬ್ರೌನ್ ನಗುತ್ತಾ ಎದುರಿಗೆ ಹಾದುಹೋಗುತ್ತಾನೆ, ಕೂತು ನೋಡುತ್ತಿದ್ದ ಹುಡುಗ ಅವನನ್ನು ಹೊಗಳುತ್ತಾ ಹೊಗಳುತ್ತಾ ‘ಅವನನ್ನು ಕಂಡರೆ ನನಗಾಗದು’ ಎಂದುಬಿಡುತ್ತಾನೆ. ದೊಡ್ಡವರಿಗೆ ರುಚಿಸುವ ಖಾರ ಅದು. ಸ್ನೂಪಿಯೂ ಆಗ ನಾಲ್ಕು ಕಾಲಿನ ಬರೀ ನಾಯಿ. ಅವನು ಎದ್ದು ನಿಂತು ಗೂಡಿನ ಮಾಡಿನ ಮೇಲೆ ಕೂತು ವಿಮಾನ ಓಡಿಸುವ ಅರವತ್ತರ ದಶಕದ ಭಾನುವಾರದ ಕಂತುಗಳ ಸಂಕಲನ ತರಿಸಿ. ಇಂಗ್ಲಿಷ್ ಸರಳ, ಆದರೆ ಬೇಸ್‌ಬಾಲ್ ಮಕ್ಕಳಿಗೆ ತೊಡಕಾಗುತ್ತದೆ. ಆ ಪುಟಗಳನ್ನು ಹಾರಿಸಿದರೂ ನಷ್ಟವಿಲ್ಲ, ಹೇಗೂ ಚಾರ್ಲಿ ಬ್ರೌನ್ ಸೋಲುವುದು ಗ್ಯಾರಂಟಿ.