ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ ವೆಬ್‌ಸೈಟಿನಲ್ಲಿ ಗಜಿಬಿಜಿ ಆಗುತ್ತಿದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ಹೀಗಿದೆ: ಒಂದು ದಾಲ್ ಮಿಲ್‌ಗೆ ಕನ್ನಡ ವೆಬ್‌ಸೈಟ್ ಮಾಡುತ್ತಿದ್ದೀರಿ, ಸಾವ್ಕಾರರು ಕೊಟ್ಟ ವರ್ಡ್ ಫೈಲಿನಿಂದ ಕಾಪಿ ಮಾಡಿದರೆ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ, ಬಟನ್ ಮೇಲಿನ ಅಕ್ಷರಗಳ ಬುಡ ಕತ್ತರಿಸಿ ಹೋಗುತ್ತದೆ. ನಾನು ಕಲಬುರಗಿಯಲ್ಲೇ ಈ ಕೆಲಸ ಮಾಡುವವನು. ಗಂಜ್ (ಸಗಟು ಮಾರುಕಟ್ಟೆ) ಕಡೆಯ ಗಿರಾಕಿಗಳಿಂದ ಇದೇ ತರಹದ ಫೈಲ್‌ಗಳು ನನಗೂ ಬರುತ್ತಿರುತ್ತವೆ.

ಆ ಫೈಲಿನಲ್ಲಿ ನಿಜವಾಗಿ ಕನ್ನಡ ಅಕ್ಷರಗಳೇ ಇಲ್ಲ. ಹಳೆಯ ನುಡಿ ಫಾಂಟಿನಲ್ಲಿ ‘ಕ’ ಅಂತ ಕಾಣುವುದು ಒಳಗೆ ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆ ಮೇಲೆ ಗೆರೆ ಇರುವ ಒಂದು ಎ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡದ ಹಾಗೆ ಕಾಣುತ್ತದೆ, ಅಷ್ಟೇ. ‘ಹಾಗಾದ್ರೆ ಆ ಫಾಂಟನ್ನೇ ಸೈಟಿಗೆ ಸೇರಿಸಿಬಿಡ್ತೀನಿ’ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಕಣ್ಣಿಗೆ ಸರಿ ಕಾಣಬಹುದು. ಆದರೆ ಗೂಗಲ್‌ಗೆ, ವಾಟ್ಸಾಪ್ ಪ್ರಿವ್ಯೂಗೆ, ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರಿಗೆ ಅದು ಕಸ.

ಯೂನಿಕೋಡ್‌ಗೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿಗೆ, ಪರಿವರ್ತಿಸಲೇಬೇಕು. ಅದಕ್ಕೆ ಪುಕ್ಕಟೆ ಪರಿವರ್ತಕಗಳು ಸಿಗುತ್ತವೆ. ಕೆಲಸ ಶುರುವಾಗುವುದೇ ಪರಿವರ್ತನೆ ಆದ ಮೇಲೆ. ಮೊದಲು ಅರ್ಕಾವತ್ತು ನೋಡಿ. ಹಳೆಯ ನುಡಿಯಲ್ಲಿ ‘ವರ್ಷ’ ಬರೆಯಲು ಮೊದಲು ವ, ಷ, ಕೊನೆಗೆ ಅರ್ಕಾವತ್ತು ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಷಕಾರಕ್ಕಿಂತ ಮುಂಚೆ ಬರಬೇಕು. ಕಳಪೆ ಪರಿವರ್ತಕ ಇದನ್ನು ‘ವಷರ್’ ಮಾಡಿಡುತ್ತದೆ, ಕರ್ನಾಟಕ ‘ಕನಾರ್ಟಕ’ ಆಗುತ್ತದೆ. ಇದಕ್ಕಿಂತ ಕಿರಿಕಿರಿ ಇನ್ನೊಂದಿದೆ: ಕೆಲವರು ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಒತ್ತಿರುತ್ತಾರೆ, ‘ಕನಾ೯ಟಕ’ ಅಂತ. ಓದುವಾಗ ಗೊತ್ತೇ ಆಗಲ್ಲ. ಸರ್ಚ್ ಮಾಡಿದರೆ ಮಾತ್ರ ಸಿಗಲ್ಲ. ಹಾಗಾಗಿ ಪೂರ್ತಿ ಪಠ್ಯದಲ್ಲಿ ೯ ಎಲ್ಲೆಲ್ಲಿ ಇದೆ ಅಂತ ಒಮ್ಮೆ ಹುಡುಕಿ. ಜೊತೆಗೆ ಮಧ್ಯದಲ್ಲಿದ್ದ ಇಂಗ್ಲಿಷ್ ಪದಗಳನ್ನೂ ನೋಡಿ. ಇಮೇಲ್ ವಿಳಾಸ, ಲೈಸೆನ್ಸ್ ನಂಬರಿನಲ್ಲಿರುವ ಅಕ್ಷರಗಳನ್ನೂ ಪರಿವರ್ತಕ ಕನ್ನಡ ಅಂತಲೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿರುತ್ತದೆ. ಮುಂದಿನ ಸಲ ಡಿಟಿಪಿ ಅಂಗಡಿಯವರಿಗೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕೊಡಿ ಅಂತ ಮೊದಲೇ ಹೇಳಿ. ನುಡಿಯಲ್ಲೇ ಆ ಆಯ್ಕೆ ಇದೆ.

ಬುಡ ಕತ್ತರಿಸುವುದಕ್ಕೆ ಕಾರಣ ನಿಮ್ಮ ಸಿಎಸ್ಎಸ್, ಅಂದರೆ ಪುಟದ ಅಂದ-ಅಳತೆ ಹೇಳುವ ಕೋಡ್. ಬಟನ್‌ಗೆ ಹೈಟ್ ಇಷ್ಟೇ ಪಿಕ್ಸೆಲ್ ಅಂತ ಕೊಟ್ಟು ಓವರ್‌ಫ್ಲೋ ಹಿಡನ್ (ಹೊರಗೆ ಹೋದದ್ದನ್ನು ಮರೆಮಾಡುವುದು) ಹಾಕಿರುತ್ತೀರಿ, ಅಲ್ವಾ? ಇಂಗ್ಲಿಷಿಗೆ ಅದು ನಡೆಯುತ್ತದೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಹೈಟ್ ತೆಗೆದು ಪ್ಯಾಡಿಂಗ್ (ಅಕ್ಷರದ ಸುತ್ತ ಜಾಗ) ಕೊಡಿ, ಲೈನ್-ಹೈಟ್ (ಸಾಲಿನ ಎತ್ತರ) 1.6ರಿಂದ 1.8ರ ನಡುವೆ ಇಡಿ. ಪರೀಕ್ಷೆಗೆ ‘ಅಮ್ಮ’, ‘ಮನೆ’ ಸಾಲದು. ‘ರಾಷ್ಟ್ರೀಯ’, ‘ಉತ್ಪನ್ನಗಳು’ ಅಂತ ಬರೆದು ನೋಡಿ. ‘ಷ್ಟ್ರ’ದಲ್ಲಿ ಒತ್ತಿನ ಮೇಲೊಂದು ಒತ್ತು ಬರುವುದರಿಂದ ಜಾಗ ಸಾಲುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಕನ್ನಡ ಅಂತ ತೋರಿಸುವುದನ್ನೂ ಮರೆಯಬೇಡಿ. ಬಹಳ ಜನ ಟೆಂಪ್ಲೇಟಿನ ಇಂಗ್ಲಿಷನ್ನು ಹಾಗೇ ಬಿಟ್ಟಿರುತ್ತಾರೆ.

ಫಾಂಟ್ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಇಂಥ ಚಿಕ್ಕ ಸೈಟಿಗೆ ಫಾಂಟ್ ಡೌನ್‌ಲೋಡ್ ಮಾಡಿಸುವುದೇ ಬೇಡ. ಆಂಡ್ರಾಯ್ಡ್ ಫೋನಿನಲ್ಲಿ ನೋಟೊ ಕನ್ನಡ, ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಮೊದಲೇ ಇರುತ್ತವೆ. ಸಾವ್ಕಾರರ ಮಗನಿಗೆ ಸ್ಟೈಲ್ ಬೇಕೇ ಬೇಕು ಅಂದರೆ ತಲೆಬರಹಕ್ಕೆ ಮಾತ್ರ ಬಲೂ ತಮ್ಮ ಅಥವಾ ಅನೇಕ್ ಕನ್ನಡ ಹಾಕಿ, ಒಂದೇ ದಪ್ಪದಲ್ಲಿ.

ದರಪಟ್ಟಿ ಎಕ್ಸೆಲ್‌ನಲ್ಲಿ ಬರುತ್ತದಲ್ಲ, ಅದನ್ನು ಸುಮ್ನೆ ‘ಸಿಎಸ್‌ವಿ’ ಅಂತ ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ‘ಸಿಎಸ್‌ವಿ ಯುಟಿಎಫ್-8’ ಅಂತ ಬೇರೆ ಆಯ್ಕೆ ಇದೆ, ಅದನ್ನೇ ಆರಿಸಿ. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಟೇಬಲ್ಲಿನ ಅಕ್ಷರ ಸಂಕೇತ ಯುಟಿಎಫ್8ಎಂಬಿ4 ಇರಲಿ. ಒಮ್ಮೆ ಪ್ರಶ್ನಾರ್ಥಕ ಚಿಹ್ನೆಯಾಗಿ ಸೇವ್ ಆದರೆ ಮೂಲ ಅಕ್ಷರ ವಾಪಸ್ ಬರಲ್ಲ.

ಇನ್ನು ವಿವರಣೆ ಉದ್ದ ಆಯಿತು ಅಂತ ಜಾವಾಸ್ಕ್ರಿಪ್ಟಿನಲ್ಲಿ ಇಷ್ಟು ಅಕ್ಷರಕ್ಕೆ ಕತ್ತರಿಸಲು ಹೋಗಬೇಡಿ. ‘ಶ್ರೀ’ ನಮಗೆ ಒಂದು ಅಕ್ಷರ, ಅದರ ಲೆಕ್ಕದಲ್ಲಿ ನಾಲ್ಕು. ನಡುವೆ ಕತ್ತರಿಸಿದರೆ ‘ಶ್’ ಮಾತ್ರ ನೇತಾಡುತ್ತದೆ. ಪದದ ನಡುವಿನ ಜಾಗ ನೋಡಿ ಕತ್ತರಿಸಿ, ಅಥವಾ ಆ ಕೆಲಸ ಸಿಎಸ್ಎಸ್‌ಗೆ ಬಿಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ರಂದು. ಹೊರಗಿನ ವ್ಯಾಪಾರಿಗಳಲ್ಲಿ ಇನ್ನೂ ಗುಲ್ಬರ್ಗಾ ಅಂತಲೇ ಹುಡುಕುವವರು ಇದ್ದಾರೆ. ಹಾಗಾಗಿ ವಿಳಾಸದ ಪುಟದಲ್ಲಿ ಎರಡೂ ಹೆಸರು ಒಂದೊಂದು ಸಲ ಬರಲಿ. ‘ತೊಗರಿ ಬೇಳೆ’ಯನ್ನು ಇಂಗ್ಲಿಷ್ ಅಕ್ಷರದಲ್ಲೂ ಒಂದು ಕಡೆ ಬರೆಯಿರಿ, ಫೋನಿನಲ್ಲಿ ಹಾಗೆ ಟೈಪ್ ಮಾಡಿ ಹುಡುಕುವವರೇ ಜಾಸ್ತಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆದರೆ ನಿಮ್ಮ ಮಿಲ್ ಅದರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿದೆಯೇ ಅಂತ ಕೇಳದೆ ಆ ಲೋಗೊ ಸೈಟಿನಲ್ಲಿ ಅಂಟಿಸಬೇಡಿ.

ಮತ್ತೆ, ಪರಿವರ್ತನೆ ಮಾಡಿ ಕರಡು ತಿದ್ದುವುದಕ್ಕೆ ಬೇರೆ ದುಡ್ಡು ಕೇಳಿ. ‘ಮ್ಯಾಟರ್ ರೆಡಿ ಐತ್ರಿ, ಕಾಪಿ ಪೇಸ್ಟ್ ಅಷ್ಟೇ’ ಅಂತಾರೆ ಎಲ್ಲರೂ. ಕೊಟೇಶನ್ನಿನಲ್ಲಿ ಅದಕ್ಕೊಂದು ಸಾಲು ಹಾಕಿ, ಪುಟಕ್ಕೆ ಇಷ್ಟು ಅಂತ.