ತುಂಡಾದ ನಾಲಿಗೆ, ನೇಯ್ದ ಬಟ್ಟೆ

ಪ್ರಶ್ನೆ: ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ‘ವೈಫ್ ಆಫ್ ಬಾತ್’ ಎಂಬ ಪಾತ್ರ ಹೇಳುವ ಕಥೆಯಲ್ಲಿ ಅತ್ಯಾಚಾರಕ್ಕೆ ಒಳಗಾದ ಹುಡುಗಿ ಕೆಲವೇ ಸಾಲುಗಳಲ್ಲಿ ಮರೆಯಾಗುತ್ತಾಳೆ, ಮುಂದಿನದೆಲ್ಲ ಅಪರಾಧಿಯಾದ ಯೋಧನ ಕಥೆ. ಮಧ್ಯಯುಗದ ಇಂಗ್ಲಿಷ್ ಸಾಹಿತ್ಯದಲ್ಲಿ ಸಂತ್ರಸ್ತೆ ತನ್ನ ನೋವನ್ನು ತಾನೇ ಹೇಳಿಕೊಂಡದ್ದು ಎಲ್ಲಿಯೂ ಇಲ್ಲವೇ?

ಉತ್ತರ: ಆ ಕಥೆಯನ್ನು ಓದಿದಾಗಲೆಲ್ಲ ನನ್ನನ್ನೂ ಕಾಡುವುದು ಅದೇ. ಜನರ ದೂರಿನ ಮೇಲೆ ಆರ್ಥರ್ ರಾಜನ ಆಸ್ಥಾನದಲ್ಲಿ ಆ ಯೋಧನಿಗೆ ಮರಣದಂಡನೆಯಾಗುತ್ತದೆ, ರಾಣಿಯ ಕೋರಿಕೆಯಿಂದ ಅವನ ಜೀವ ಉಳಿಯುತ್ತದೆ, ಕೊನೆಗೆ ಅವನಿಗೆ ಚೆಲುವೆಯಾದ ಹೆಂಡತಿಯೂ ದೊರೆಯುತ್ತಾಳೆ. ಹುಡುಗಿಗೆ ಹೆಸರೂ ಇಲ್ಲ, ಒಂದು ಮಾತೂ ಇಲ್ಲ.

ಆದರೆ ಚಾಸರ್ ಇದಕ್ಕೂ ಮೊದಲು, 1380ರ ದಶಕದಲ್ಲಿ, ‘ದ ಲೆಜೆಂಡ್ ಆಫ್ ಗುಡ್ ವಿಮೆನ್’ ಕಾವ್ಯದಲ್ಲಿ ಗ್ರೀಕ್ ಪುರಾಣದ ರಾಜಕುಮಾರಿ ಫಿಲೊಮೆಲಾಳ ಕಥೆಯನ್ನು ರೋಮನ್ ಕವಿ ಓವಿಡ್‌ನಿಂದ ಎತ್ತಿಕೊಂಡು ಹೇಳಿದ್ದಾನೆ. ಅಕ್ಕನ ಗಂಡನಾದ ಟೀರಿಯಸ್ ಅವಳ ಮೇಲೆ ಅತ್ಯಾಚಾರವೆಸಗಿ, ಅವಳು ಕೂಗಿ ಹೇಳಿಯಾಳೆಂಬ ಭಯದಿಂದ ನಾಲಿಗೆಯನ್ನೇ ಕತ್ತರಿಸಿ, ಕೋಟೆಯೊಂದರಲ್ಲಿ ಕೂಡಿಹಾಕಿ, ಹೆಂಡತಿಯ ಬಳಿ ‘ನಿನ್ನ ತಂಗಿ ಸತ್ತಳು’ ಎನ್ನುತ್ತಾನೆ. ಫಿಲೊಮೆಲಾಳಿಗೆ ಓದು ಬರುತ್ತದೆ, ಲೇಖನಿ ಹಿಡಿದು ಬರೆಯಲು ಬಾರದು. ಆದರೆ ಅಕ್ಷರಗಳನ್ನು ನೇಯಬಲ್ಲಳು. ಅಥೆನ್ಸಿನಿಂದ ದೋಣಿಯಲ್ಲಿ ಕರೆತಂದದ್ದರಿಂದ ಹಿಡಿದು ತನಗಾದದ್ದೆಲ್ಲವನ್ನೂ, ವರ್ಷ ತುಂಬುವ ಹೊತ್ತಿಗೆ, ದೊಡ್ಡದೊಂದು ಬಟ್ಟೆಯಲ್ಲಿ ನೇಯ್ದು ಮುಗಿಸುತ್ತಾಳೆ. ಆಳೊಬ್ಬನಿಗೆ ಉಂಗುರ ಕೊಟ್ಟು, ಆ ಬಟ್ಟೆಯನ್ನು ರಾಣಿಯಾದ ಅಕ್ಕನಿಗೆ ತಲುಪಿಸೆಂದು ಸನ್ನೆಯಲ್ಲೇ ಬೇಡಿಕೊಳ್ಳುತ್ತಾಳೆ.

ಇದರ ತೂಕ ತಿಳಿಯಬೇಕಾದರೆ ಅಂದಿನ ಇಂಗ್ಲೆಂಡಿನ ಕಾನೂನನ್ನೂ ನೆನೆಯಬೇಕು. ಬ್ರ್ಯಾಕ್ಟನ್ ಹೆಸರಿನಲ್ಲಿ ಪ್ರಸಿದ್ಧವಾದ 13ನೆಯ ಶತಮಾನದ ಕಾನೂನು ಗ್ರಂಥದ ಪ್ರಕಾರ, ಅತ್ಯಾಚಾರಕ್ಕೊಳಗಾದ ಹೆಣ್ಣು ತಡಮಾಡದೆ ನೆರೆಯ ಊರುಗಳಿಗೆ ಹೋಗಿ, ಬೊಬ್ಬೆಯಿಟ್ಟು, ಹರಿದ ಉಡುಪನ್ನೂ ರಕ್ತದ ಕಲೆಯನ್ನೂ ಮಾನವಂತರ ಮುಂದೆ ತೋರಿಸಬೇಕಿತ್ತು. ಬಾಯಿಲ್ಲದವಳು, ಬಂಧನದಲ್ಲಿರುವವಳು, ವರ್ಷ ಕಳೆದ ಮೇಲೆ ಹೇಳುವವಳು ಈ ವಿಧಿಯನ್ನು ಪಾಲಿಸುವುದೆಂತು? ಹರಿದ ಬಟ್ಟೆ ತೋರಿಸೆಂದು ಕೇಳುವ ಕಾಲದ ಕಾವ್ಯದಲ್ಲಿ ಫಿಲೊಮೆಲಾ ನೇಯ್ದ ಬಟ್ಟೆಯನ್ನೇ ಸಾಕ್ಷಿಯಾಗಿ ಕಳುಹಿಸುತ್ತಾಳೆ. ಅಕ್ಕ ಅದನ್ನು ಓದಿ, ಮರುಪ್ರಶ್ನೆಯಿಲ್ಲದೆ ನಂಬುತ್ತಾಳೆ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ.

ಓವಿಡ್‌ನಲ್ಲಿಯೂ ಚಾಸರನ ಗೆಳೆಯನಾದ ಕವಿ ಗವರ್‌ನಲ್ಲಿಯೂ ಕಥೆ ಮುಂದೆ ಘೋರ ಪ್ರತೀಕಾರಕ್ಕೆ ಹೊರಳಿ, ಟೀರಿಯಸ್‌ನ ಮಗುವಿನ ಕೊಲೆಯೇ ಆಗುತ್ತದೆ. ಚಾಸರ್ ಅದನ್ನು ಬಿಟ್ಟುಬಿಟ್ಟದ್ದು ಕೊರತೆಯೆಂದು ನನಗೆ ಅನಿಸುವುದಿಲ್ಲ. ತೀರ್ಥಯಾತ್ರೆಯ ನೆಪ ಹೂಡಿ ಹೊರಟ ಅಕ್ಕ ಕೋಟೆಗೆ ಬಂದಾಗ, ಮೂಕಳಾದ ತಂಗಿ ಒಬ್ಬಳೇ ಅಳುತ್ತಾ ಕುಳಿತಿರುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಕವಿ ಅವರನ್ನು ಅಲ್ಲಿಯೇ, ಅವರ ದುಃಖದ ಜೊತೆಗೆ ಬಿಟ್ಟು ಬರುತ್ತಾನೆ.