ಕಾಡಿನ ಕಳೆಯಿಂದ ಯಾರಿಗೆ ನಷ್ಟ ಎಂದು ಕೇಳಿದವರಿಗೆ

"ಹೊಲದಲ್ಲಿ ಕಳೆ ಬಂದರೆ ಇಳುವರಿ ಕುಗ್ಗುತ್ತದೆ, ನಷ್ಟದ ಲೆಕ್ಕ ಸಿಗುತ್ತದೆ. ಕಾಡಿನಲ್ಲಿ ಲಂಟಾನ ಬೆಳೆದರೆ ಯಾರಿಗೇನು ನಷ್ಟ? ಹಸಿರಾಗಿಯಾದರೂ ಇರುತ್ತದಲ್ಲ" ಎಂದು ಮೇಲೆ ಒಬ್ಬರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಷ್ಟ ಆಗುತ್ತಲೇ ಇದೆ. ಅದು ನೀರು, ಮೇವು, ಮೀನಿನ ರೂಪದಲ್ಲಿ ಆಗುವುದರಿಂದ ಯಾರ ಖರ್ಚಿನ ಪುಸ್ತಕಕ್ಕೂ ಏರುವುದಿಲ್ಲ, ಅಷ್ಟೇ.

ನೀರನ್ನೇ ನೋಡಿ. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ನಗರಕ್ಕೆ ನೀರು ಕೊಡುವ ಬೆಟ್ಟಗಳಲ್ಲಿ ಮೂಲತಃ ಇದ್ದದ್ದು ಫಿನ್‌ಬಾಸ್ ಎಂಬ ಕುರುಚಲು ಸಸ್ಯವರ್ಗ. ಹೊರಗಿನಿಂದ ತಂದು ನೆಟ್ಟ ಪೈನ್, ಅಕೇಶಿಯಾ, ನೀಲಗಿರಿ ಮರಗಳು ನೆಡುತೋಪಿನ ಗಡಿ ದಾಟಿ ಬೆಟ್ಟಕ್ಕೆ ಹಬ್ಬಿದವು. ಎತ್ತರದ, ಆಳಕ್ಕೆ ಬೇರಿಳಿಸುವ, ವರ್ಷವಿಡೀ ಎಲೆ ಹೊತ್ತಿರುವ ಮರ ಕುರುಚಲು ಗಿಡಕ್ಕಿಂತ ಹೆಚ್ಚು ನೀರು ಹೀರುತ್ತದೆ. 2018ರ ಒಂದು ಅಂದಾಜಿನಂತೆ ಅಲ್ಲಿ ಹೀಗೆ ಕೈತಪ್ಪುತ್ತಿದ್ದ ನೀರು ವರ್ಷಕ್ಕೆ ಸುಮಾರು 5,500 ಕೋಟಿ ಲೀಟರ್. ಆ ನಗರದ ಎರಡು ತಿಂಗಳ ಬಳಕೆಯಷ್ಟು. ಸಮುದ್ರದ ನೀರನ್ನು ಸಿಹಿ ಮಾಡುವುದಕ್ಕಿಂತ ಈ ಮರಗಳನ್ನು ಕಡಿಸುವುದು ಬಹಳ ಅಗ್ಗ ಎಂಬುದೂ ಆ ಲೆಕ್ಕದಲ್ಲೇ ತಿಳಿಯಿತು. ಅಲ್ಲಿನ ಸರ್ಕಾರ 1995ರಿಂದಲೇ ನಿರುದ್ಯೋಗಿಗಳಿಗೆ ಕೂಲಿ ಕೊಟ್ಟು ಈ ಕೆಲಸ ಮಾಡಿಸುತ್ತಿದೆ.

ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದ ಕಥೆಯೂ ಇದೇ. 1990ರ ದಶಕದಲ್ಲಿ ನೀರಿನ ಮೇಲೆ ತೇಲುತ್ತಾ ಹಬ್ಬುವ ವಾಟರ್ ಹಯಾಸಿಂತ್ ಎಂಬ ಕಳೆ ದಡಗಳನ್ನು ಮುಚ್ಚಿತು. ದೋಣಿಗಳು ಸಿಕ್ಕಿಕೊಂಡವು, ಮೀನುಗಾರಿಕೆ ಕುಸಿಯಿತು, ಜಲವಿದ್ಯುತ್ ಘಟಕಕ್ಕೂ ತೊಂದರೆಯಾಯಿತು. ಆ ಗಿಡವನ್ನೇ ತಿಂದು ಬದುಕುವ ಮೂತಿಹುಳುಗಳನ್ನು ಬಿಟ್ಟದ್ದು ಅದನ್ನು ಹತೋಟಿಗೆ ತರಲು ದೊಡ್ಡ ನೆರವಾಯಿತು.

ಜಗತ್ತಿನ ಒಟ್ಟು ಲೆಕ್ಕ ಬೇಕೆಂದರೆ, ಜೀವವೈವಿಧ್ಯದ ಅಂತರಸರ್ಕಾರಿ ವೇದಿಕೆ ಐಪಿಬಿಇಎಸ್‌ನ 2023ರ ವರದಿ ನೋಡಿ. ಹೊರಗಿನಿಂದ ಬಂದು ಹಬ್ಬಿ ಹಾನಿ ಮಾಡುವ ಆಕ್ರಮಣಕಾರಿ ಜೀವಿಗಳಿಂದ (ಗಿಡಗಳು ಮಾತ್ರವಲ್ಲ, ಪ್ರಾಣಿ, ಕೀಟಗಳೂ ಸೇರಿ) 2019ರಲ್ಲಿ ಆದ ನಷ್ಟ 42,300 ಕೋಟಿ ಡಾಲರ್‌ಗೂ ಹೆಚ್ಚು. 1970ರಿಂದ ಅದು ಪ್ರತಿ ದಶಕಕ್ಕೆ ಕನಿಷ್ಠ ನಾಲ್ಕು ಪಟ್ಟಾಗುತ್ತಾ ಬಂದಿದೆ. ನನ್ನನ್ನು ಕಾಡುವುದು ಇನ್ನೊಂದು ಸಂಖ್ಯೆ: ಈ ಮೊತ್ತದಲ್ಲಿ ನಿಯಂತ್ರಣಕ್ಕೆ ವೆಚ್ಚವಾದದ್ದು ಬರೀ ಶೇಕಡ 8ರಷ್ಟು. ಉಳಿದದ್ದೆಲ್ಲ ಹಾನಿ.

ಇನ್ನು ಲಂಟಾನದ ವಿಷಯ. ಅದರ ಪೊದೆಯಡಿ ಹುಲ್ಲು ಏಳುವುದಿಲ್ಲ, ಎಲೆ ದನಕರುಗಳಿಗೆ ವಿಷ, ಒಣಗಿದ ಕಡ್ಡಿ ನೆಲದ ಬೆಂಕಿಯನ್ನು ಮರದ ಕೊಂಬೆಯವರೆಗೆ ಏರಿಸುತ್ತದೆ. ಮೇಲಿಂದ ಕತ್ತರಿಸಿದರೆ ಕೂಲಿ ದಂಡ, ಮತ್ತೆ ಚಿಗುರುತ್ತದೆ. ಬುಡದ ಮಣ್ಣು ಸರಿಸಿದರೆ ಕಾಂಡ ಮುಗಿದು ಬೇರು ಶುರುವಾಗುವ ದಪ್ಪನೆಯ ಭಾಗ ಕಾಣುತ್ತದೆ. ಚಿಗುರು ಹೊರಡುವುದು ಅಲ್ಲಿಂದ. ನೆಲದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ, ಆ ಭಾಗದ ತಳದಲ್ಲಿ ತಾಯಿಬೇರನ್ನು ಕತ್ತರಿಸಿ. ಪೊದೆಯನ್ನು ಬೇರು ಮೇಲೆ ಬರುವಂತೆ ಮಗುಚಿ ಒಣಗಲು ಬಿಡಿ. ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಮುಗಿಯಬೇಕು, ಇಲ್ಲದಿದ್ದರೆ ಹಕ್ಕಿಗಳು ಬೀಜ ಹರಡುತ್ತವೆ.

ಕಳೆ ತೆಗೆಸುವ ಖರ್ಚಿನ ಅಂದಾಜುಪಟ್ಟಿ ಬರೆಯುವಾಗ ಮೊದಲ ವರ್ಷದ ಕೂಲಿಯನ್ನಷ್ಟೇ ಬರೆಯಬೇಡಿ. ಮುಂದಿನ ಕೆಲವು ವರ್ಷ ಸಸಿ ಕೀಳುವ ಖರ್ಚು, ಖಾಲಿ ನೆಲಕ್ಕೆ ಸ್ಥಳೀಯ ಹುಲ್ಲು, ಗಿಡ ಹಾಕುವ ಖರ್ಚು ಎರಡನ್ನೂ ಸೇರಿಸಿ. ಅದಕ್ಕೆ ಹಣವಿಲ್ಲದಿದ್ದರೆ ಅರ್ಧ ಜಾಗವನ್ನಷ್ಟೇ ತೆಗೆದುಕೊಳ್ಳಿ. ಬೋಳು ಬಿಟ್ಟ ನೆಲಕ್ಕೆ ಅದೇ ಕಳೆಯೋ ಪಾರ್ಥೇನಿಯಂನಂಥ ಇನ್ನೊಂದೋ ಬಂದೇ ಬರುತ್ತದೆ. ಲಂಟಾನದ ಕಡ್ಡಿಯಿಂದ ಪೀಠೋಪಕರಣ ಮಾಡಿ ಖರ್ಚು ತೂಗಿಸಬಹುದು ಎಂದೂ ಒಬ್ಬರು ಬರೆದಿದ್ದಾರೆ. ಕಡಿದದ್ದನ್ನು ಬಳಸಿ, ಒಳ್ಳೆಯದೇ. ಆದರೆ ಜೀವನೋಪಾಯ ಅದರ ಮೇಲೆಯೇ ನಿಂತರೆ ಬುಡ ಸಮೇತ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಎಲ್ಲಿಂದ ಶುರು ಮಾಡುವುದು ಎಂದರೆ, ದಟ್ಟವಾಗಿರುವ ಕಡೆ ಕೈ ಹಾಕಬೇಡಿ. ಅಲ್ಲೊಂದು ಇಲ್ಲೊಂದು ಗಿಡ ಎದ್ದಿರುವ ಅಂಚಿನಿಂದ ಹಿಡಿದು ಒಳಕ್ಕೆ ಹೋಗಿ. ಅಲ್ಲಿ ಸ್ಥಳೀಯ ಗಿಡಗಳು ಇನ್ನೂ ಬದುಕಿರುತ್ತವೆ, ತೆರವಾದ ಜಾಗವನ್ನು ತಾವೇ ತುಂಬಿಕೊಳ್ಳುತ್ತವೆ, ಒಬ್ಬ ಆಳಿನ ದಿನದ ದುಡಿಮೆಗೆ ಹೆಚ್ಚು ನೆಲ ಉಳಿಯುತ್ತದೆ.